ಮಸೂದ ಭಾಯಿ ಟ್ಯೂಬ್ ಬಿಟ್ಟ ಸುದ್ದಿ

ಅಫಜಲಪುರದ ಬಸ್ ನಿಲ್ದಾಣದ ಎದುರಿಗೆ ಟೈರು-ಟ್ಯೂಬಿನ ಅಂಗಡಿ ಇಟ್ಟುಕೊಂಡಿರುವ ಮಸೂದ ಭಾಯಿಗೆ ದೇವರು ಎಲ್ಲವನ್ನೂ ಕೊಟ್ಟಿದ್ದ, ಒಂದು ತೀರ್ಮಾನಕ್ಕೆ ಬರುವ ಶಕ್ತಿಯನ್ನು ಬಿಟ್ಟು. ಹೋಟೆಲಿಗೆ ಹೋದರೆ ಸುಸಲಾ ಹೇಳಬೇಕೋ ಮಿರ್ಚಿ ಹೇಳಬೇಕೋ ಎಂದು ಪಕ್ಕದ ಟೇಬಲ್ಲಿನವರನ್ನು ಕೇಳುತ್ತಿದ್ದ. ಅವರು ಸುಸಲಾ ಎಂದರೆ ಸಪ್ಲೈಯರನನ್ನೂ ಒಂದು ಮಾತು ಕೇಳುತ್ತಿದ್ದ. ಆತ ಮಿರ್ಚಿ ಎಂದರೆ ಬರೀ ಚಹಾ ಕುಡಿದು ಎದ್ದು ಬರುತ್ತಿದ್ದ. ತನ್ನ ನಿಕಾಹದಲ್ಲಿ ಖಾಜಿ ಸಾಹೇಬರು ಕಬೂಲ್ ಇದೆಯೇ ಎಂದು ಕೇಳಿದಾಗ ಈತ ಪಕ್ಕದಲ್ಲಿ ಕೂತಿದ್ದ ಮಾಮಾನ ಮುಖ ನೋಡಿದ್ದನಂತೆ. ಹೆಂಡತಿ ಫರಹತ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ.

ಆತನಿಗೆ ಅನುಮಾನವೇ ಇಲ್ಲದ ಒಂದು ವಿಷಯವಿತ್ತು, ಗಿಟಾರು. ಕಲಬುರಗಿಯಲ್ಲಿ ಕಾಲೇಜು ಓದುವಾಗ ಹಿಡಿದದ್ದು, ತಲೆಗೂದಲು ಉದುರಿ ಹೊಟ್ಟೆ ಬಂದ ಮೇಲೂ ಬಿಟ್ಟಿರಲಿಲ್ಲ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಟೈರಿನ ಸಾಲಿನ ಹಿಂದೆ ಕೂತು ನುಡಿಸುತ್ತಿದ್ದ. ಕಬ್ಬಿನ ಟ್ರ್ಯಾಕ್ಟರಿನವರು ಪಂಕ್ಚರ್ ತೆಗೆಸಲು ಬಂದು, ಎರಡು ಹಾಡು ಕೇಳಿ, ಪಂಕ್ಚರ್ ಮರೆತು ಹಾಗೇ ಭೂಸನೂರ ಕಾರ್ಖಾನೆಯ ಕಡೆಗೆ ಹೊರಟು ನಡುದಾರಿಯಲ್ಲಿ ಕೂತ ಉದಾಹರಣೆಗಳು ನಮ್ಮ ತಾಲೂಕಿನಲ್ಲಿವೆ.

ಹೈಸ್ಕೂಲಿನ ವಿಜ್ಞಾನದ ಮಾಸ್ತರರಾದ ಜೈಭೀಮ ಸರ್ ಒಂದು ಗಾಯನ ತಂಡ ಕಟ್ಟಿದ್ದರು. ಈ ಸಲ ಏಪ್ರಿಲ್‌ನ ಅಂಬೇಡ್ಕರ್ ಜಯಂತಿಗೆ ಸರ್ಕಲ್ಲಿನಲ್ಲಿ ದೊಡ್ಡ ಸ್ಟೇಜು ಹಾಕುವುದೆಂದೂ, ತಂಡದಲ್ಲಿ ಗಿಟಾರು ಇರಲೇಬೇಕೆಂದೂ ಹೇಳಿ ಮಸೂದ ಭಾಯಿಯನ್ನು ಕರೆದರು. ಆತ ಯಾರನ್ನೂ ಕೇಳದೆ ಒಪ್ಪಿಕೊಂಡ. ಆದರೆ ಮೊದಲ ಪ್ರ್ಯಾಕ್ಟೀಸಿನಲ್ಲೇ ಕಾಲೇಜು ಕಾಲದ ಹಳೇ ಆಂಪ್ಲಿಫೈಯರಿನಿಂದ ಹೊಗೆ ಬಂತು. ಶಾಲೆಯ ಜವಾನ ಕೊಡ ಎತ್ತಿಕೊಂಡು ಓಡಿ ಬಂದ. ಕರೆಂಟಿನ ಸಾಮಾನಿಗೆ ನೀರು ಹಾಕಬಾರದು ಎಂದು ಜೈಭೀಮ ಸರ್ ಕಾರಣಸಹಿತ ವಿವರಿಸಿದರು. ಅಷ್ಟರಲ್ಲಿ ನೀರು ಹಾಕಿಯಾಗಿತ್ತು.

ಹೀಗಾಗಿ ಹೊಸ ಆಂಪ್ ತರಲು ಮಸೂದ ಭಾಯಿ ಸೊಲ್ಲಾಪುರಕ್ಕೆ ಹೋಗಬೇಕಾಯಿತು. ಅಲ್ಲಿ ವಾದ್ಯಗಳ ಅಂಗಡಿ ಇಟ್ಟಿದ್ದ ದತ್ತಪ್ಪ ಆತನ ಕಾಲೇಜು ದೋಸ್ತ. ದತ್ತಪ್ಪ ಎರಡು ಸಾಮಾನು ತೋರಿಸಿದ. ಒಂದು ಟ್ಯೂಬ್ ಆಂಪ್. ಹಳೇ ವಾಲ್ವ್ ರೇಡಿಯೋದಲ್ಲಿ ಇರುತ್ತಿದ್ದವಲ್ಲ, ಅಂಥ ಗಾಜಿನ ಟ್ಯೂಬುಗಳು ಒಳಗೆ. ಹಚ್ಚಿದರೆ ಕೆಂಪಗೆ ಕಾಯಬೇಕು, ಕಾದ ಮೇಲೆ ನುಡಿಯುತ್ತದೆ. ಜೋಳದ ಚೀಲದಷ್ಟು ಭಾರ. ಇನ್ನೊಂದು ಡಿಜಿಟಲ್ ಮಾಡೆಲಿಂಗ್ ಯೂನಿಟ್. ಊಟದ ತಾಟಿಗಿಂತ ತುಸು ದೊಡ್ಡದು, ಕಾಲಿನಿಂದ ಒತ್ತುವ ಗುಂಡಿಗಳು, ಲೋಕದ ಇನ್ನೂರು ಆಂಪುಗಳ ದನಿಯನ್ನು ನಕಲು ಮಾಡಿ ಒಳಗೆ ತುಂಬಿಟ್ಟದ್ದು. ಟ್ಯೂಬಿನ ದನಿಗೆ ಜೀವ ಇದೆ, ಆದರೆ ಹೊತ್ತು ತಿರುಗುವುದು ಕಷ್ಟ. ಮಾಡೆಲಿಂಗ್ ಹಗುರ, ಆದರೆ ನಕಲು ನಕಲೇ. ಮಸೂದ ಭಾಯಿ ಒಮ್ಮೆ ಇದನ್ನು ನುಡಿಸಿದ, ಒಮ್ಮೆ ಅದನ್ನು ನುಡಿಸಿದ, ಅಂಗಡಿಗೆ ಬಂದ ಗಿರಾಕಿಗಳನ್ನೆಲ್ಲ ಕೇಳಿದ. ಸಂಜೆ ಬಾಗಿಲು ಹಾಕುವ ಹೊತ್ತಾದಾಗ ದತ್ತಪ್ಪ ಬೇಸತ್ತು, ಎರಡನ್ನೂ ಒಯ್ದು ಬಾರಿಸಿ ನೋಡು, ಜಯಂತಿ ಮುಗಿದ ಮೇಲೆ ಬೇಡಾದದ್ದನ್ನು ತಂದುಕೊಡು ಎಂದ. ದತ್ತಪ್ಪ ಒಳ್ಳೆಯವನೇ. ಆದರೆ ಮುಂದೆ ಆದದ್ದಕ್ಕೆಲ್ಲ ಬೀಜ ಹಾಕಿದವನು ಅವನೇ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಆ ದಿನಗಳಲ್ಲಿ ಫರಹತ ಮನೆಯಲ್ಲಿರಲಿಲ್ಲ. ಮಗಳು ತಬಸ್ಸುಮಳನ್ನು ಕರೆದುಕೊಂಡು ತವರುಮನೆ ಆಳಂದಕ್ಕೆ ಹೋಗಿದ್ದಳು. ತಬಸ್ಸುಮಳಿಗೆ ಜೇವರ್ಗಿಯ ಒಂದು ಸಂಬಂಧ ಬಂದಿತ್ತು. ಹುಡುಗ ನಯೀಮ, ಕೃಷಿ ಇಲಾಖೆಯಲ್ಲಿ ಕೆಲಸ. ಹುಡುಗ-ಹುಡುಗಿ ಒಬ್ಬರನ್ನೊಬ್ಬರು ನೋಡಿ ಒಪ್ಪಿದ್ದರು. ಆದರೆ ಒಪ್ಪಬೇಕಾದವರು ಹುಡುಗನ ತಾಯಿ ಖುರ್ಷಿದ ಬೇಗಂ. ಹೆಡ್‌ಮೇಡಂ ಆಗಿ ರಿಟೈರ್ ಆದವರು. ಮಕ್ಕಳ ಕಾಪಿ ಪುಸ್ತಕದಲ್ಲಿರಲಿ, ಹೋಟೆಲಿನ ಬೋರ್ಡಿನಲ್ಲಿರಲಿ, ತಪ್ಪು ಕಂಡರೆ ತಿದ್ದದೆ ಮುಂದೆ ಹೆಜ್ಜೆ ಇಟ್ಟವರಲ್ಲ. ಯೋಚನೆ ಮಾಡಿ ತಿಳಿಸುತ್ತೇನೆ ಎಂದು ಹೇಳಿ ಹೋದವರು ಇನ್ನೂ ಯೋಚನೆ ಮಾಡುತ್ತಲೇ ಇದ್ದರು.

ಇತ್ತ ಮಸೂದ ಭಾಯಿ ಒಳಗಿನ ಕೋಣೆಯಲ್ಲಿ ಎರಡೂ ಸಾಮಾನು ಇಟ್ಟುಕೊಂಡು ನಿದ್ದೆಗೆಟ್ಟ. ಒಂದು ದಿನ ಟ್ಯೂಬ್ ಅನ್ನಿಸಿತು, ಮರುದಿನ ಮಾಡೆಲಿಂಗ್ ಅನ್ನಿಸಿತು. ಜೈಭೀಮ ಸರ್ ಅವರನ್ನು ಕೇಳಿದರೆ ಅವರು, ಕಾಲ ಮುಂದಕ್ಕೆ ಹೋಗಾಕತ್ತದ, ಮಾಡೆಲಿಂಗೇ ಮಾಡ್ರಿ ಎಂದರು. ಸಂಜೆ ಮಸೂದ ಭಾಯಿ ಮಾಳಿಗೆ ಹತ್ತಿ, ನೆಟ್‌ವರ್ಕ್ ಸಿಗುವ ಮೂಲೆಯಲ್ಲಿ ನಿಂತು, ದತ್ತಪ್ಪನಿಗೆ ಫೋನ್ ಮಾಡಿ ಗಟ್ಟಿಯಾಗಿ ಹೇಳಿದ:

"ದತ್ತಪ್ಪಾ, ಟ್ಯೂಬ್ ಬಿಟ್ಟು ಮಾಡೆಲಿಂಗ್‌ಗೆ ಹೋಗಬೇಕಂತ ಮಾಡೇನಿ. ಟ್ಯೂಬಿನ ಭಾರ ಇನ್ನ ನನ್ನ ಕೈಲೆ ಆಗಂಗಿಲ್ಲೋ, ವಯಸ್ಸಾತು. ಮಾಡೆಲಿಂಗ್ ಆದ್ರ ಹಗೂರ. ಎಲ್ಲಿ ಕರದ್ರೂ ಹೋಗಿ ನಿಂತು ಮಾಡಿ ಬರಬಹುದು."

ಪಕ್ಕದ ಮಾಳಿಗೆಯಲ್ಲಿ ಭಾಗಮ್ಮ ಒಣಗಿದ ಶಾವಿಗೆ ತೆಗೆಯುತ್ತಿದ್ದಳು. ಭಾಗಮ್ಮನ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ಆಕೆ ಸುದ್ದಿಗೆ ಒಂದಕ್ಷರ ಸೇರಿಸುವವಳಲ್ಲ, ಒಂದಕ್ಷರ ಕಳೆಯುವವಳೂ ಅಲ್ಲ. ಕೇಳಿದ್ದನ್ನು ಕೇಳಿದ ಹಾಗೆ ಹೇಳುವವಳು. ಅನಾಹುತ ಆದದ್ದು ಅದರಿಂದಲೇ. ಸುಳ್ಳು ಸೇರಿಸಿದ್ದರೆ ಯಾರೂ ನಂಬುತ್ತಿರಲಿಲ್ಲ.

ಬೆಳಗಾಗುವ ಹೊತ್ತಿಗೆ ಮಸೂದ ಭಾಯಿ ಟೈರು-ಟ್ಯೂಬಿನ ವ್ಯಾಪಾರ ಬಿಟ್ಟು ಮಾಡೆಲಿಂಗಿಗೆ ಇಳಿಯುತ್ತಾನೆಂಬುದು ನೀರಿನ ಟ್ಯಾಂಕಿನವರೆಗೆ ಗೊತ್ತಾಗಿತ್ತು. ನಂಬದವರು ಕೆಲವರಿದ್ದರು. ಅವರು ತಿಳಿದವರನ್ನೇ ಕೇಳೋಣವೆಂದು ಜೈಭೀಮ ಸರ್ ಹತ್ತಿರ ಹೋದರು. ಜಯಂತಿಯ ಗಡಿಬಿಡಿಯಲ್ಲಿದ್ದ ಸರ್ ತಲೆ ಎತ್ತದೆ, ಹೌದು, ಮಾಡೆಲಿಂಗ್ ಮಾಡ್ರಿ ಅಂತ ನಾನೇ ಹೇಳೇನಿ, ಚೊಲೋ ಒಪ್ಪತಾದ ಅವರಿಗೆ ಎಂದರು. ವಿಜ್ಞಾನದ ಮಾಸ್ತರರೇ ಹೇಳಿದ ಮೇಲೆ ಊರು ನಂಬದೆ ಏನು ಮಾಡೀತು?

ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದ ದೇವೀಂದ್ರಪ್ಪ ಮಸೂದ ಭಾಯಿಯ ಹಳೇ ಗಿರಾಕಿ. ಎರಡು ಟ್ರ್ಯಾಕ್ಟರಿನ ಧಣಿ. ಅವತ್ತು ಟೈರು ನೋಡಲು ಬಂದವನು ಸುದ್ದಿ ಕೇಳಿ ಕಳವಳಗೊಂಡು, ಖರೇ ಏನ್ರಿ, ಟ್ಯೂಬ್ ಬಿಡ್ತೀರಂತ ಎಂದು ವಿಚಾರಿಸಿದ. ತನ್ನ ಆಂಪಿನ ಸಂಕಟ ಟ್ರ್ಯಾಕ್ಟರಿನವರಿಗೂ ಮುಟ್ಟಿತಲ್ಲ ಎಂದು ಮಸೂದ ಭಾಯಿಗೆ ಕಣ್ಣು ತುಂಬಿ ಬಂತು.

"ಇನ್ನೂ ಪಕ್ಕಾ ಆಗಿಲ್ರಿ. ನೀವೇನಂತೀರಿ?"

ದೇವೀಂದ್ರಪ್ಪ ಆತನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, ನೋಟವನ್ನು ಹೊಟ್ಟೆಯ ಮೇಲೆ ನಿಲ್ಲಿಸಿದ. ಮಾಡೆಲಿಂಗಿಗೆ ಹೊಟ್ಟೆ ಅಡ್ಡ ಬರುವುದಿಲ್ಲವೇ ಎಂದು ಮೆಲ್ಲಗೆ ಕೇಳಿದ. ಹೊಟ್ಟೆಯಿಂದ ಅನುಕೂಲವೇ ಹೆಚ್ಚು, ಅದಕ್ಕೆ ಆನಿಸಿಕೊಂಡೇ ಮಾಡುವುದು ಎಂದು ಮಸೂದ ಭಾಯಿ ಧೈರ್ಯ ಹೇಳಿದ. ಕಾಲವೇ ಹೀಗಿದೆ ಎಂದುಕೊಂಡು ದೇವೀಂದ್ರಪ್ಪ, ಇನ್ನು ಸಿಗುತ್ತವೋ ಇಲ್ಲವೋ ಎಂದು ಬೇಕಾದದ್ದಕ್ಕಿಂತ ಹೆಚ್ಚು ಟ್ಯೂಬು ಕಟ್ಟಿಸಿಕೊಂಡು ಹೋದ. ಅವನನ್ನು ನೋಡಿ ಉಳಿದವರೂ ಬಂದರು. ಕಬ್ಬಿನ ಹಂಗಾಮು ಮುಗಿದ ಬಿರುಬಿಸಿಲಿನಲ್ಲಿ ಟ್ಯೂಬು ಹೀಗೇಕೆ ಖಾಲಿಯಾಗುತ್ತಿವೆ ಎಂಬುದು ಮಸೂದ ಭಾಯಿಗೆ ತಿಳಿಯಲಿಲ್ಲ. ಬಂದವರನ್ನೆಲ್ಲ ಅದೇ ಪ್ರಶ್ನೆ ಕೇಳಿದ, ಟ್ಯೂಬೋ, ಮಾಡೆಲಿಂಗೋ? ಎಲ್ಲರೂ ನಿಟ್ಟುಸಿರು ಬಿಟ್ಟು, ಅಣ್ಣಾ, ಟ್ಯೂಬೇ ಇರಲಿ ಎಂದರು. ಹೆಂಗಸರಲ್ಲಿ ಒಬ್ಬಿಬ್ಬರು ಮಾತ್ರ, ಆಸೆ ಇದ್ದರೆ ಮಾಡಿಕೊಳ್ಳಲಿ ಬಿಡಿ ಎಂದರು.

ಪುರಸಭೆಯಲ್ಲಿ ದೌಲತರಾಯ ಎಂಬ ಸಾಹೇಬರಿದ್ದರು. ಊರಿನ ಸ್ವಚ್ಛತೆ ಅವರ ಜವಾಬ್ದಾರಿ. ಹಸಿ ಕಸ, ಒಣ ಕಸ ಬೇರೆ ಮಾಡಿರೆಂದು ಜನರಿಗೆ ತಿಳಿಸುವ ಬ್ಯಾನರಿಗೆ ಒಂದು ಮುಖ ಬೇಕಿತ್ತು. ಹೊರಗಿನಿಂದ ಯಾರನ್ನಾದರೂ ಕರೆಸಬೇಕೆಂದುಕೊಂಡಿದ್ದಾಗಲೇ ಊರಲ್ಲೇ ಒಬ್ಬ ಮಾಡೆಲ್ ಹುಟ್ಟಿದ ಸುದ್ದಿ ಅವರಿಗೆ ಮುಟ್ಟಿತು. ಕ್ಯಾಮೆರಾದವನನ್ನು ಕರೆದುಕೊಂಡು ಅಂಗಡಿಗೇ ಬಂದರು.

"ಹೊಸಾ ಲೈನಿಗಿ ಇಳದೀರಂತ?" ಎಂದರು.

"ಹೊಸಾದಲ್ರಿ ಸಾಹೇಬ್ರ. ಕಾಲೇಜಿನಾಗ ಇದೇ ಮಾಡತಿದ್ದೆ. ಕಲಬುರಗಿಯಾಗ ಸ್ಟೇಜಿನ ಮ್ಯಾಲ ಬಂದು ನಿಂತ್ರ ಸಾಕು, ಹುಡುಗ್ಯಾರು ಚಪ್ಪಾಳಿ ಹೊಡೀತಿದ್ರು."

ದೌಲತರಾಯ ಸಾಹೇಬರು ಆ ದೃಶ್ಯವನ್ನು ಕಲ್ಪಿಸಿಕೊಳ್ಳಲು ತುಸು ಹೊತ್ತು ಪ್ರಯತ್ನಪಟ್ಟರು. ಆಗಲಿಲ್ಲ. ಆದರೂ ಸರಕಾರದ ಕೆಲಸ ನಿಲ್ಲಬಾರದೆಂದು ಒಂದು ಫೋಟೋ ಬೇಕಿತ್ತು ಎಂದರು. ಜಯಂತಿಯ ಬ್ಯಾನರಿಗೆ ತಂಡದವರ ಫೋಟೋ ಇರಬೇಕೆಂದು ಮಸೂದ ಭಾಯಿ ಹಿಗ್ಗಿ, ಮುಖ ತೊಳೆದು ಬಂದ. ಕೈಗೊಂದು ಹಸಿರು ಬಕೀಟು, ಒಂದು ನೀಲಿ ಬಕೀಟು ಕೊಟ್ಟರು. ಯಾಕೆ ಎಂದು ಆತ ಕೇಳಲಿಲ್ಲ. ಯಾವುದನ್ನು ಯಾವ ಕೈಯಲ್ಲಿ ಹಿಡಿಯಬೇಕು ಎಂಬುದನ್ನು ಮಾತ್ರ ಬಹಳ ಹೊತ್ತು ಚರ್ಚಿಸಿದ. ಹಾಗಾಗಿ ಬ್ಯಾನರಿನಲ್ಲಿ ಆತನ ಒಂದು ಕಣ್ಣು ಹಸಿರಿನ ಕಡೆಗೂ ಇನ್ನೊಂದು ನೀಲಿಯ ಕಡೆಗೂ ಇದ್ದಂತೆ ಕಾಣುತ್ತದೆ. ಕೆಳಗೆ ದಪ್ಪ ಅಕ್ಷರದಲ್ಲಿ 'ಆಯ್ಕೆ ನಿಮ್ಮ ಕೈಯಲ್ಲಿ' ಎಂದು ಬರೆಸಿ ಸರ್ಕಲ್ಲಿನಲ್ಲಿ ಕಟ್ಟಿಸಿದರು.

ಬ್ಯಾನರಿನ ಫೋಟೋ ಮೊಬೈಲಿನಿಂದ ಮೊಬೈಲಿಗೆ ಹಾರಿತು. ದೇವೀಂದ್ರಪ್ಪನ ಮೂಲಕ ಆಳಂದಕ್ಕೆ ಹೋಗಿ ಮಸೂದ ಭಾಯಿಯ ಅತ್ತೆಯ ಕೈಗೆ ಬಿತ್ತು. ಕೆಳಗಿನ ಅಕ್ಷರ ಆ ವಯಸ್ಸಾದ ಕಣ್ಣಿಗೆ ಕಾಣಲಿಲ್ಲ, ಬಕೀಟು ಕಂಡವು. ಇದು ಮೈ ತೊಳೆಯುವ ಸಾಬೂನಿನ ಜಾಹೀರಾತೆಂದೂ, ಈಗ ಬಕೀಟು ಹಿಡಿದ ಅಳಿಯ ಮುಂದಿನ ಫೋಟೋದಲ್ಲಿ ಅಂಗಿ ತೆಗೆದಿರುತ್ತಾನೆಂದೂ, ಅದರ ಮುಂದಿನದ್ದನ್ನು ತಾನು ಬಾಯಿಬಿಟ್ಟು ಹೇಳಲಾರೆನೆಂದೂ ಅತ್ತೆ ಹೇಳಿದಳು. ಫರಹತ ಹಾಸಿಗೆ ಹಿಡಿದಳು. ಅಷ್ಟರಲ್ಲಿ ಜೇವರ್ಗಿಯಿಂದ ಖುರ್ಷಿದ ಬೇಗಂ ಅವರ ಫೋನ್ ಬಂತು. ಅವರು ಏನನ್ನೂ ಕೇಳಲಿಲ್ಲ. ಜಯಂತಿಯ ದಿವಸ ರಜೆ ಇದೆ, ಮಗನ ಜೊತೆ ಮುಂಜಾನೆ ಬಂದು ಮನೆಯನ್ನು ಮತ್ತೊಮ್ಮೆ ನೋಡಿ ಹೋಗುತ್ತೇನೆ ಎಂದಷ್ಟೇ ಹೇಳಿ ಇಟ್ಟರು. ಅಷ್ಟಕ್ಕೇ ತಬಸ್ಸುಮ ಊಟ ಬಿಟ್ಟಳು.

ಗಂಡನಿಗೆ ಫೋನ್ ಮಾಡಿ ಕೇಳಬಹುದಿತ್ತಲ್ಲ ಎಂದು ನೀವು ಅನ್ನಬಹುದು. ಫರಹತ ಮಾಡಿದಳು. ಮಾಡೆಲಿಂಗ್ ಮಾಡುವುದು ಖರೆಯೇ ಎಂದು ಕೇಳಿದಳು. ಆತ ಉತ್ಸಾಹದಿಂದ, ಖರೆ, ಹೆಚ್ಚುಕಡಿಮೆ ಅದೇ ಪಕ್ಕಾ, ನಿನ್ನ ಅಭಿಪ್ರಾಯ ಏನು ಎಂದ. ಆಕೆ ಫೋನ್ ಇಟ್ಟುಬಿಟ್ಟಳು. ಹೆಂಡತಿಗೆ ಟ್ಯೂಬೇ ಇಷ್ಟ ಇರಬೇಕೆಂದು ಆತ ಮತ್ತೆ ಗೊಂದಲಕ್ಕೆ ಬಿದ್ದ.

ಜಯಂತಿಯ ದಿನ ಮುಂಜಾನೆ ಮಗಳ ಜೊತೆ ಆಳಂದದ ಬಸ್ಸಿಳಿದು ಸರ್ಕಲ್ಲು ದಾಟುವಾಗ ಫರಹತ ತಲೆ ಎತ್ತಿ ಬ್ಯಾನರ್ ನೋಡಿದಳು. ಆಳೆತ್ತರದ ಗಂಡ, ಎರಡು ಬಕೀಟು. ಸೆರಗು ಎಳೆದುಕೊಂಡು ಮನೆಗೆ ಓಡಿದಳು. ಮನೆಯಲ್ಲಿ ಆಕೆ ಮಾತಾಡುವುದು ದಖನಿ ಉರ್ದು. ಸಿಟ್ಟು ಬಂದರೆ ಮಾತ್ರ ಕನ್ನಡಕ್ಕೆ ಹೊರಳುತ್ತಾಳೆ, ನೆರೆಯವರಿಗೂ ತಿಳಿಯಲಿ ಎಂದು. ಅವತ್ತು ಬಾಗಿಲಲ್ಲೇ ಕನ್ನಡ ಶುರುವಾಯಿತು.

"ಮಗಳ ಲಗ್ನ ಮಾಡೂ ವಯಸ್ಸಿನಾಗ ಮಾಡೆಲಿಂಗ್ ಬೇಕಾಗಿತ್ತೇನ್ರಿ ನಿಮಗ? ಟ್ಯೂಬ್ ಏನ್ ಕಮ್ಮಿ ಮಾಡಿತ್ತು?"

"ಟ್ಯೂಬ್ ಏನೂ ಕಮ್ಮಿ ಮಾಡಿಲ್ಲ ಫರಹತ. ಆದ್ರ ಬಿಸಿ ಆಗೂತನಕ ಕಾಯಬೇಕು. ಮಾಡೆಲಿಂಗ್ ಹಂಗಲ್ಲ, ಇನ್ನೂರು ನಮೂನಿ ಮಾಡಬಹುದು."

ಇನ್ನೂರು ನಮೂನೆ ಎಂದದ್ದೇ ಫರಹತ ಹೊಸ್ತಿಲ ಮೇಲೆ ಕೂತುಬಿಟ್ಟಳು. ಭಾಗಮ್ಮ ಓಡಿ ಬಂದು ನೀರು ಕೊಟ್ಟಳು. ಹೆಚ್ಚು ಮಾತಾಡಲು ಸಮಯವಿರಲಿಲ್ಲ. ಬಾಗಿಲ ಮುಂದೆ ಕಾರು ನಿಂತಿತ್ತು, ಖುರ್ಷಿದ ಬೇಗಂ ಇಳಿಯುತ್ತಿದ್ದರು. ಅವರ ಹಿಂದೆ ತಪ್ಪು ಮಾಡಿದವನ ಹಾಗೆ ನಯೀಮ.

ಸಲಾಮು, ಕುಶಲ, ಬಿಸಿಲಿನ ಮಾತು ಎಲ್ಲ ಮುಗಿದವು. ಸಮೋಸಾ ಬಂದವು. ಯಾರೂ ಮುಟ್ಟಲಿಲ್ಲ. ಖುರ್ಷಿದ ಬೇಗಂ ಕನ್ನಡಕ ಸರಿಮಾಡಿಕೊಂಡು ನೇರವಾಗಿ ವಿಷಯಕ್ಕೆ ಬಂದರು.

"ಮಸೂದ ಸಾಬ್, ನೀವು ಮಾಡೆಲಿಂಗ್ ಸುರು ಮಾಡೀರಂತ ಕೇಳಿದೆ."

ಒಳಗೆ ಪರದೆಯ ಹಿಂದೆ ತಬಸ್ಸುಮ ಗೋಡೆ ಹಿಡಿದಳು. ಮಸೂದ ಭಾಯಿಯ ಮುಖ ಮಾತ್ರ ಅರಳಿತು. ಹೆಡ್‌ಮೇಡಂ ಅವರಿಗೂ ಸಂಗೀತದ ಈ ಸೂಕ್ಷ್ಮದಲ್ಲಿ ಆಸಕ್ತಿ ಇದೆಯೆಂದು ಆತ ಕನಸಿನಲ್ಲೂ ಎಣಿಸಿರಲಿಲ್ಲ. ಬಾಯಿಂದ ಹೇಳಿದರೆ ತಿಳಿಯುವುದಿಲ್ಲ, ಎರಡನ್ನೂ ನಿಮ್ಮ ಮುಂದೆಯೇ ಮಾಡಿ ತೋರಿಸುತ್ತೇನೆ, ಆಮೇಲೆ ನೀವೇ ಹೇಳಿ ಎಂದು ಎದ್ದ. ಫರಹತ "ನಕ್ಕೋ ಜೀ, ನಕ್ಕೋ" ಎಂದು ದಖನಿಯಲ್ಲೇ ಬೇಡವೆನ್ನುತ್ತ ಕೈ ಹಿಡಿದಳು. ಆತ ಕೊಸರಿಕೊಂಡು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಹೊರಗೆ ಕೂತವರಿಗೆ ಏದುಸಿರು ಕೇಳಿಸಿತು. ಏನನ್ನೋ ಎಳೆದ ಸದ್ದು. ಅಂಗಿಯೊಂದು ಗೂಟಕ್ಕೆ ತಗುಲಿ ಹರಿದ ಸದ್ದು. ನಯೀಮ ನೆಲ ನೋಡುತ್ತಿದ್ದ. ಖುರ್ಷಿದ ಬೇಗಂ ಬಾಗಿಲನ್ನೇ ನೋಡುತ್ತಿದ್ದರು, ಪರೀಕ್ಷೆಯ ಹಾಲಿನಲ್ಲಿ ನಿಂತು ಅಭ್ಯಾಸವಾದ ನೋಟ. ಬಾಗಿಲು ತೆರೆಯಿತು. ಮಸೂದ ಭಾಯಿ ಬೆವರಿನಲ್ಲಿ ತೊಯ್ದು, ಬರೀ ಬನಿಯನ್ನಿನಲ್ಲಿ ಪ್ರತ್ಯಕ್ಷನಾದ. ಫರಹತ ಕಣ್ಣು ಮುಚ್ಚಿಕೊಂಡಳು.

ಆದರೆ ಆತನ ಎರಡೂ ತೋಳುಗಳ ನಡುವೆ, ಹೊಟ್ಟೆಗೆ ಆನಿಸಿದಂತೆ, ಒಂದು ದೊಡ್ಡ ಕರಿ ಪೆಟ್ಟಿಗೆ ಇತ್ತು. ಅದನ್ನು ಖುರ್ಷಿದ ಬೇಗಂ ಅವರ ಕಾಲ ಹತ್ತಿರ ಇಳಿಸಿದ. ಮತ್ತೆ ಒಳಗೆ ಹೋಗಿ ಬಗಲಲ್ಲಿ ಗುಂಡಿಗಳ ತಟ್ಟೆಯೊಂದನ್ನೂ ಕೊರಳಲ್ಲಿ ಗಿಟಾರನ್ನೂ ಹಾಕಿಕೊಂಡು ಬಂದ.

"ಇದು ಟ್ಯೂಬ್," ಎಂದು ಪೆಟ್ಟಿಗೆ ತೋರಿಸಿದ. "ಇದು ಮಾಡೆಲಿಂಗ್," ಎಂದು ತಟ್ಟೆ ತೋರಿಸಿದ. "ಇದರಾಗ ಯಾವುದು ಇಟ್ಕೋಬೇಕಂತ ಇಡೀ ಊರಿಗೆ ಕೇಳಿ ಸಾಕಾಗೇನಿ. ಎಲ್ಲಾರೂ ಟ್ಯೂಬ್ ಅಂತಾರ, ಒಬ್ಬರೂ ಕಾರಣ ಹೇಳಂಗಿಲ್ಲ."

ಬಾಗಿಲಲ್ಲಿ ನಿಂತಿದ್ದ ಭಾಗಮ್ಮ, ನಾ ಮೊದಲ ಹೇಳಿದ್ನಲ್ಲ, ಟ್ಯೂಬ್ ಬಿಟ್ಟು ಮಾಡೆಲಿಂಗ್ ಅಂತ ಎಂದು ಮೆಲ್ಲಗೆ ಗೊಣಗಿದಳು. ಫರಹತ ಒಂದು ಕಣ್ಣು ತೆರೆದಳು, ಆಮೇಲೆ ಇನ್ನೊಂದನ್ನು. ಖುರ್ಷಿದ ಬೇಗಂ ನಕ್ಕಿದ್ದನ್ನು ಜೇವರ್ಗಿಯಲ್ಲಿ ಯಾರೂ ನೋಡಿಲ್ಲ. ಅವತ್ತೂ ಅವರು ನಗಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಒರೆಸಿ ಆದ ಮೇಲೂ ಒರೆಸುತ್ತಲೇ ಇದ್ದರು, ಭುಜ ಮಾತ್ರ ಸ್ವಲ್ಪ ಅಲುಗುತ್ತಿತ್ತು. ಕೊನೆಗೆ ಗಂಟಲು ಸರಿಮಾಡಿಕೊಂಡು, ಹಾಗಾದರೆ ಆ ಬಕೀಟು ಏನು ಎಂದು ಕೇಳಿದರು. ಪುರಸಭೆಯವರು ಹಿಡಿ ಎಂದರು, ಹಿಡಿದೆ ಎಂದು ಮಸೂದ ಭಾಯಿ ಪ್ರಾಮಾಣಿಕವಾಗಿ ಉತ್ತರ ಕೊಟ್ಟ. ಆ ಉತ್ತರಕ್ಕೆ ಅವರು ಪೂರ್ತಿ ಅಂಕ ಕೊಟ್ಟ ಹಾಗೆ ಕಂಡಿತು.

ಬಂದದ್ದು ಬಂದಾಗಿದೆ, ಎರಡನ್ನೂ ಬಾರಿಸಿ ಎಂದರು. ಮಸೂದ ಭಾಯಿ ಮೊದಲು ಮಾಡೆಲಿಂಗನ್ನು ಟಿವಿಯ ಸ್ಪೀಕರಿಗೆ ಜೋಡಿಸಿದ. ಇನ್ನೂರು ದನಿಗಳಲ್ಲಿ ಯಾವುದನ್ನು ಮೊದಲು ಕೇಳಿಸಬೇಕೆಂದು ಗುಂಡಿ ಒತ್ತುತ್ತ ಹೋದ. ಒಂದೂ ಹಾಡು ಶುರುವಾಗಲಿಲ್ಲ. ಚಹಾ ಆರಿತು. ಒಂದು ಗೊಂದಲಕ್ಕೇ ಸುಸ್ತಾಗುವ ಮನುಷ್ಯನಿಗೆ ದತ್ತಪ್ಪ ಇನ್ನೂರು ಗೊಂದಲ ಕಟ್ಟಿಕೊಟ್ಟಿದ್ದ. ನಯೀಮ ಮೆಲ್ಲಗೆ ಹತ್ತಿರ ಸರಿದು, ಮಾಮೂ, ಅದರದ್ದು ತೋರಿಸಿ ಎಂದು ಪೆಟ್ಟಿಗೆಯ ಕಡೆ ಕೈ ಮಾಡಿದ. ಮಾಮೂ ಎಂದದ್ದನ್ನು ಪರದೆಯ ಹಿಂದಿದ್ದ ತಬಸ್ಸುಮ ಕೇಳಿಸಿಕೊಂಡಳು.

ಟ್ಯೂಬ್ ಆಂಪಿನ ಸ್ವಿಚ್ಚು ಹಾಕಿದರು. ಏನೂ ಆಗಲಿಲ್ಲ. ಕಾಯಬೇಕು ಎಂದ ಮಸೂದ ಭಾಯಿ. ಎಲ್ಲರೂ ಕಾದರು. ಹಿಂಭಾಗದ ಜಾಲರಿಯಲ್ಲಿ ಗಾಜುಗಳು ಒಂದೊಂದಾಗಿ ಕೆಂಪಾಗತೊಡಗಿದವು, ಒಲೆಯಲ್ಲಿ ಉಳಿದ ಕೆಂಡದ ಹಾಗೆ. ಒಳಗಿನ ಧೂಳು ಕಾದು ಸಣ್ಣಗೆ ಒಂದು ವಾಸನೆ ಎದ್ದಿತು. ಆತ ಇನ್ನೂ ತಂತಿ ಮುಟ್ಟಿರಲಿಲ್ಲ. ಖುರ್ಷಿದ ಬೇಗಂ ಕೈ ಎತ್ತಿ ತಡೆದರು.

"ಒಂದು ನಿಮಿಷ. ಇದು ನಮ್ಮ ಅಬ್ಬಾನ ರೇಡಿಯೋದ ವಾಸನಿ."

ಜೇವರ್ಗಿಯ ಹಳೇ ಮನೆಯಲ್ಲಿ ಗೂಡಿನ ಮೇಲೆ ಒಂದು ವಾಲ್ವ್ ರೇಡಿಯೋ ಇತ್ತಂತೆ. ಸಂಜೆ ಅಬ್ಬಾ ಹಚ್ಚುತ್ತಿದ್ದರು, ದನಿ ಬರುವ ಮೊದಲು ಹೀಗೇ ಬಿಸಿ ಧೂಳಿನ ವಾಸನೆ ಬರುತ್ತಿತ್ತು. ಆ ವಾಸನೆ ಬಂದರೆ ಮಕ್ಕಳೆಲ್ಲ ಆಟ ಬಿಟ್ಟು ಓಡಿ ಬಂದು ಸುತ್ತ ಕೂಡುತ್ತಿದ್ದರು. ಅಬ್ಬಾ ಹೋದ ಮೇಲೆ ರೇಡಿಯೋವನ್ನು ಯಾರೋ ಗುಜರಿಗೆ ಹಾಕಿದರು. ಮಸೂದ ಭಾಯಿ ನುಡಿಸಿದ. ಮನೆಯ ಗಾಜಿನ ಲೋಟಗಳು ಕಪಾಟಿನಲ್ಲಿ ಸಣ್ಣಗೆ ಗುನುಗಿದವು. ಫರಹತ ಇಷ್ಟು ವರ್ಷ ಆ ಗಿಟಾರನ್ನು ಬೈಯುತ್ತಲೇ ಬಂದವಳು, ಅವತ್ತು ಬಾಗಿಲಿಗೆ ಒರಗಿ ಕೇಳಿದಳು. ಹಾಡು ಮುಗಿದ ಮೇಲೆ ಖುರ್ಷಿದ ಬೇಗಂ, ಟ್ಯೂಬೇ ಇರಲಿ ಎಂದರು. ಅಂತೂ ಒಬ್ಬರು ಕಾರಣ ಕೊಟ್ಟು ಹೇಳಿದಂತಾಯಿತು.

ಸಂಬಂಧದ ಮಾತು ಮಾತ್ರ ಅವರು ಎತ್ತಲಿಲ್ಲ. ಫರಹತ ಧೈರ್ಯ ಮಾಡಿ ಕೇಳಿಯೇಬಿಟ್ಟಳು. ಸಂಜೆ ಸ್ಟೇಜಿನ ಮೇಲೆ ಕೇಳಿ ಆಮೇಲೆ ಹೇಳುತ್ತೇನೆ ಎಂದರು. ಕಾರ್ಯಕ್ರಮಕ್ಕೆ ಉಳಿದದ್ದೇ ಒಳ್ಳೆಯ ಲಕ್ಷಣವೆಂದು ಫರಹತ, ಉತ್ತರ ಮುಂದೆ ಹೋದದ್ದು ಕೆಟ್ಟ ಲಕ್ಷಣವೆಂದು ತಬಸ್ಸುಮ, ಇಬ್ಬರೂ ಅಡಿಗೆಮನೆಯಲ್ಲಿ ಪಿಸುಗುಟ್ಟುತ್ತ ಮಧ್ಯಾಹ್ನ ಕಳೆದರು.

ಸಂಜೆ ಸರ್ಕಲ್ಲಿನಲ್ಲಿ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ನೀಲಿ ಬಾವುಟ, ನೀಲಿ ದೀಪ, ಹಳ್ಳಿಹಳ್ಳಿಯಿಂದ ಬಂದ ಟ್ರ್ಯಾಕ್ಟರುಗಳು. ಹೆಂಗಸರ ಸಾಲಿನಲ್ಲಿ ಮುಂದೆ ಖುರ್ಷಿದ ಬೇಗಂ, ಆಚೀಚೆ ಫರಹತ ಮತ್ತು ಭಾಗಮ್ಮ. ಟ್ಯೂಬ್ ಆಂಪನ್ನು ಜೈಭೀಮ ಸರ್ ಒಂದು ಕಡೆ, ನಯೀಮ ಇನ್ನೊಂದು ಕಡೆ ಹಿಡಿದು ಸ್ಟೇಜಿಗೆ ಏರಿಸಿದರು. ಸ್ವಿಚ್ಚು ಹಾಕಿದರು. ತಂಡ ತಯಾರಾಗಿ ನಿಂತಿತು. ಮಸೂದ ಭಾಯಿ ಕೈ ಅಡ್ಡ ಮಾಡಿ, ಇನ್ನೂ ಕಾದಿಲ್ಲ ಎಂದ. ಜನ ಸಿಳ್ಳೆ ಹಾಕತೊಡಗಿದರು. ಜೈಭೀಮ ಸರ್ ಮೈಕ್ ಹಿಡಿದು ಗಾಜಿನ ಟ್ಯೂಬಿನೊಳಗೆ ಎಲೆಕ್ಟ್ರಾನುಗಳು ಹೇಗೆ ಓಡುತ್ತವೆ ಎಂದು ಪಾಠ ಶುರುಮಾಡಿದರು. ಒಂಬತ್ತನೇ ಕ್ಲಾಸಿನ ಹುಡುಗರು ಮಾತ್ರ ಗಾಬರಿಯಿಂದ ಕೇಳಿಸಿಕೊಂಡರು, ಪರೀಕ್ಷೆಗೆ ಬಂದೀತೆಂದು.

ಆಮೇಲೆ ಗಿಟಾರು ಎದ್ದಿತು. ಆ ಮೊದಲ ಎಳೆತ ಸರ್ಕಲ್ಲನ್ನು ದಾಟಿ ಬಸ್ ನಿಲ್ದಾಣದೊಳಗೆ ಹೋಯಿತು, ಹೊರಡಲಿದ್ದ ಬಸ್ಸಿನ ಡ್ರೈವರ್ ಎಂಜಿನ್ ಬಂದ್ ಮಾಡಿ ಇಳಿದ. ಹಲಗೆ ಬಾರಿಸುವವರು ಕೂಡಿಕೊಂಡರು, ಕೋರಸ್ಸಿನ ಹೆಣ್ಣುಮಕ್ಕಳು ದನಿ ಎತ್ತಿದರು, ಜೈಭೀಮ ಸರ್ ಹಾಡಿದರು. ಹಾಡಿನ ನಡುವೆ ಗಿಟಾರಿಗೆ ಬಿಟ್ಟುಕೊಟ್ಟ ಜಾಗದಲ್ಲಿ ಮಸೂದ ಭಾಯಿ ಕಣ್ಣು ಮುಚ್ಚಿ ಹೊಟ್ಟೆ ಮುಂದೆ ಮಾಡಿ ನುಡಿಸಿದ ರಭಸಕ್ಕೆ ದೇವೀಂದ್ರಪ್ಪ ತನ್ನ ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ಹತ್ತಿ ಕುಣಿದ. ಮುದುಕರು ಕುಣಿದರು. ಸೊಲ್ಲಾಪುರದಿಂದ ತನ್ನ ಸಾಮಾನಿನ ಯೋಗಕ್ಷೇಮ ನೋಡಲು ಬಂದಿದ್ದ ದತ್ತಪ್ಪನೂ ಕುಣಿದ. ಹಾಡು ಮುಗಿದರೂ ಜನ ಬಿಡಲಿಲ್ಲ.

ಆಗ ದೌಲತರಾಯ ಸಾಹೇಬರು ಶಾಲು ಹಾರ ಹಿಡಿದು ಸ್ಟೇಜು ಹತ್ತಿದರು. ಮಸೂದ ಭಾಯಿಗೆ ಶಾಲು ಹೊದಿಸಿ, ಮೈಕಿನಲ್ಲಿ ಗಂಭೀರವಾಗಿ ಘೋಷಿಸಿದರು:

"ನಮ್ಮ ಅಫಜಲಪುರದ ಹೆಮ್ಮೆಯ ಮಾಡೆಲ್, ಜನಾಬ್ ಮಸೂದ ಸಾಹೇಬರು. ಇವರು ಗಿಟಾರನ್ನೂ ಬಾರಿಸುತ್ತಾರೆಂಬುದು ಪುರಸಭೆಗೆ ಇವತ್ತೇ ತಿಳಿದುಬಂದಿದೆ."

ಚಪ್ಪಾಳೆ ಬಿತ್ತು. ಮಸೂದ ಭಾಯಿ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಹೆಂಗಸರ ಸಾಲಿನಲ್ಲಿ ಖುರ್ಷಿದ ಬೇಗಂ ಎದ್ದು ನಿಂತರು. ಫರಹತ ಅವರ ಕೈ ಹಿಡಿದಳು, ಆದರೂ ಅವರು ನಿಲ್ಲಲಿಲ್ಲ. ಜನ ದಾರಿ ಬಿಟ್ಟರು. ಅವರು ನೆಟ್ಟಗೆ ಮೆಟ್ಟಿಲೇರಿ ದೌಲತರಾಯ ಸಾಹೇಬರ ಮುಂದೆ ಕೈ ಚಾಚಿದರು. ಸಾಹೇಬರು ಏನೂ ಕೇಳದೆ ಮೈಕ್ ಕೊಟ್ಟುಬಿಟ್ಟರು, ಅವರೂ ಒಂದು ಕಾಲಕ್ಕೆ ಶಾಲೆಗೆ ಹೋದವರೇ.

"ಒಂದು ತಪ್ಪು ತಿದ್ದಬೇಕಾಗ್ಯಾದ," ಎಂದರು ಖುರ್ಷಿದ ಬೇಗಂ. "ಇವರು ಮಾಡೆಲ್ ಅಲ್ಲ. ಇವರು ನಮ್ಮ ಬೀಗರು."

ಕ್ಷಣ ಹೊತ್ತು ಯಾರಿಗೂ ತಿಳಿಯಲಿಲ್ಲ. ಮೊದಲು ತಿಳಿದದ್ದು ಭಾಗಮ್ಮನಿಗೆ, ಆಕೆ ಫರಹತಳನ್ನು ತಬ್ಬಿಕೊಂಡಳು. ಸ್ಟೇಜಿನ ಮೂಲೆಯಲ್ಲಿ ವೈರು ಸುತ್ತುತ್ತಿದ್ದ ನಯೀಮ ಸುತ್ತಿದ್ದನ್ನೆಲ್ಲ ಕೈಬಿಟ್ಟ. ಗುಂಪಿನಲ್ಲಿ ತಬಸ್ಸುಮ ದುಪಟ್ಟಾದಿಂದ ಮುಖ ಮುಚ್ಚಿಕೊಂಡಳು, ಅಕ್ಕಪಕ್ಕದ ಹುಡುಗಿಯರು ಅದನ್ನು ಎಳೆದು ತೆಗೆದರು. ಖುರ್ಷಿದ ಬೇಗಂ ಮೈಕನ್ನು ವಾಪಸು ಕೊಟ್ಟು, ಸೀರೆ ಸರಿಮಾಡಿಕೊಂಡು, ಬಂದ ದಾರಿಯಲ್ಲೇ ಇಳಿದು ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು.

ಮುಂದಿನ ಹಾಡು ಯಾವುದೆಂದು ಕೇಳಲು ಜೈಭೀಮ ಸರ್ ತಿರುಗಿದರು. ಅಷ್ಟರಲ್ಲಿ ಮಸೂದ ಭಾಯಿ ಶಾಲು ಹೆಗಲಿಗೇರಿಸಿ ಶುರು ಮಾಡಿಯೇಬಿಟ್ಟಿದ್ದ. ಅದು ಯಾವ ಹಾಡೆಂದು ತಂಡದವರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಹಲಗೆಯವನಿಗೆ ಮೊದಲು ಸಿಕ್ಕಿತು, ಆಮೇಲೆ ಒಬ್ಬೊಬ್ಬರೇ ಓಡಿ ಬಂದು ಕೂಡಿಕೊಂಡರು.